ಫೈನಾನ್ಸ್ ಬಿಟ್ಟು ಆಪರೇಷನ್ಸ್‌ಗೆ ಹೋಗೋಕೆ ಎಂಬಿಎ: ಒಂದು ವರ್ಷದ್ದಾ, ಎರಡು ವರ್ಷದ್ದಾ?

ಡೊಂಬಿವಲಿ ಫಾಸ್ಟ್
ನಮಸ್ಕಾರ. ವಯಸ್ಸು 28, ಬಿಕಾಂ, ಆರು ವರ್ಷದಿಂದ ಮುಂಬೈಲಿ ಒಂದು ಫೈನಾನ್ಸ್ ಕಂಪನೀಲಿ ಕ್ರೆಡಿಟ್ ಅನಲಿಸ್ಟ್. ಹೋದ ವರ್ಷ ಭಿವಂಡಿಲಿ ನಮ್ಮ ಕಂಪನಿ ಸಾಲ ಕೊಟ್ಟಿದ್ದ ಒಂದು ಪವರ್‌ಲೂಮ್ ಯೂನಿಟ್‌ಗೆ ವಿಸಿಟ್ ಹೋಗಿದ್ದೆ, ಸ್ಟಾಕ್ ತಾಳೆ ನೋಡೋದಷ್ಟೇ ನನ್ನ ಕೆಲಸ, ಆದ್ರೆ 24 ಮಗ್ಗದಲ್ಲಿ 9 ಸುಮ್ನೆ ನಿಂತಿದ್ವು, ಯಾಕೆ ಅಂದ್ರೆ ಸೈಜಿಂಗ್‌ನಿಂದ (ನೂಲಿಗೆ ಗಂಜಿ ಹಾಕೋ ಕಡೆಯಿಂದ) ಬೀಮ್, ಅಂದ್ರೆ ಮಗ್ಗಕ್ಕೆ ಏರಿಸೋ ಹಾಸುನೂಲು ಸುತ್ತಿದ ಉರುಳೆ, ಬಂದಿಲ್ಲ ಅಂದ್ರು, ಇತ್ತ ನೂಲು ಛಾವಣಿವರೆಗೂ ಪೇರಿಸಿಟ್ಟಿತ್ತು, ದುಡ್ಡೆಲ್ಲಾ ಅದರಲ್ಲೇ. ವಾಪಸ್ ಬಂದು ರಿಪೋರ್ಟಲ್ಲಿ ‘ಕೆಪಾಸಿಟಿ ಬಳಕೆ ಕಡಿಮೆ’ ಅಂತ ಒಂದು ಸಾಲು ಬರೆದೆ ಅಷ್ಟೇ. ಆ 9 ಮಗ್ಗ ಓಡೋ ಹಾಗೆ ಮಾಡೋ ಕೆಲಸ, ಅಂದ್ರೆ ಆಪರೇಷನ್ಸ್, ನಂಗೆ ಬೇಕು. ಎಂಟ್ರೆನ್ಸ್‌ಗೆ ಎರಡು ವರ್ಷದ ಎಂಬಿಎ ಅಂತ ಕ್ಯಾಟ್ ಬರೀಲಾ, ಒಂದು ವರ್ಷದ್ದು ಅಂತ ಜಿಮ್ಯಾಟ್ ಬರೀಲಾ? ಅಪ್ಪ ಇರೋ ಕೆಲಸ ಯಾಕೆ ಬಿಡ್ತೀಯ ಅಂತಾರೆ.

ಚಿಂಚವಡ ಮಂದಿ
ನಾನೂ ಆಡಿಟ್‌ನಾಗ ನಾಕು ವರ್ಷ ಇದ್ದು ಎಂಬಿಎ ಮಾಡಿ ಈಗ ಚಾಕಣದಾಗ ಸಪ್ಲೈ ಚೇನ್ ನೋಡ್ತೀನ್ರಿ. ನಿಮಗ ಎರಡು ವರ್ಷದ್ದೇ ಛಲೋ. ಕಾರಣ ಒಂದೇ, ಸಮ್ಮರ್ ಇಂಟರ್ನ್‌ಶಿಪ್. ಒಂದು ವರ್ಷದ ಕೋರ್ಸ್‌ನಾಗ ಸಾಮಾನ್ಯವಾಗಿ ಅದು ಇರಂಗಿಲ್ಲ, ಹಿಂಗಾಗಿ ಪ್ಲೇಸ್‌ಮೆಂಟಿಗೆ ಬಂದವರು ನಿಮ್ಮ ಹಳೇ ಆರು ವರ್ಷ ನೋಡಿ ಮತ್ತ ಫೈನಾನ್ಸಿಗೇ ಕರೀತಾರ. ನಾ ಎರಡು ತಿಂಗಳ ಗೋಡೌನ್‌ನಾಗ ನಿಂತು ಟ್ರಕ್ ಯಾಕ ತಡ ಆಗ್ತಾವ ಅಂತ ಬರಕೊಂಡಿದ್ದೆ, ಫೈನಲ್ ಇಂಟರ್‌ವ್ಯೂದಾಗ ಅರ್ಧ ತಾಸು ಅದನ್ನೇ ಕೇಳಿದ್ರು.
ಐಐಎಂಗಳ ಎರಡು ವರ್ಷದ ಕೋರ್ಸಿಗೆ ಕ್ಯಾಟ್ ಬೇಕು, ನವೆಂಬರ್‌ನಾಗ ಒಂದೇ ಸಲ. ನಿಮ್ಮ ಪವಾಯಿದಾಗಿನ ನಿಟಿ 2023ರಾಗ ಐಐಎಂ ಮುಂಬೈ ಆತು, ಆಪರೇಷನ್ಸಿಗೆ ಹಳೇ ಹೆಸರು, ಮೊದಲು ಅದನ್ನ ನೋಡ್ರಿ. ಜಿಮ್ಯಾಟ್ ಸ್ಕೋರ್ 5 ವರ್ಷ ನಡೀತದ, ಬರದಿಟ್ರ ನಷ್ಟ ಇಲ್ಲ. ಅಪ್ಲೈ ಮಾಡೂಕಿಂತ ಮೊದಲ ಶನಿವಾರ ಶನಿವಾರ ಆ ಯೂನಿಟ್‌ಗೆ ಹೋಗಿ ಬೀಮ್ ಯಾವಾಗ ಬರ್ತಾವ, ಯಾವಾಗ ಮುಗೀತಾವ ಅಂತ ಬರಕೋರಿ.

ಮಾಟುಂಗಾ ಅಕ್ಕ
ತಮ್ಮಾ, ಆ ಯೂನಿಟ್‌ಗೆ ಮಾತ್ರ ಹೋಗ್ಬೇಡ, ಅವರು ನಿಮ್ಮ ಕಂಪನಿ ಸಾಲಗಾರರು, ನಾಳೆ ಫೈಲ್ ನಿನ್ನ ಟೇಬಲ್‌ಗೇ ಬಂದ್ರೆ ಕಷ್ಟ. ಬೇರೆ ಕಡೆ ಹುಡುಕು. ಇಂಟರ್‌ವ್ಯೂಲಿ ಫೈನಾನ್ಸ್ ಬೋರ್ ಆಯ್ತು ಅನ್ನಬೇಡ, ಈ ನೂಲು-ಬೀಮ್ ಕಥೆ ಇಲ್ಲಿ ಬರೆದ ಹಾಗೇ ಹೇಳು. ದುಡ್ಡು ಎಲ್ಲಿ ಸಿಕ್ಕಿಬಿದ್ದಿದೆ ಅಂತ ನೋಡಿದ್ಯಲ್ಲ, ಅದು ಕ್ರೆಡಿಟ್ ಕೆಲಸ ಕೊಟ್ಟ ಕಣ್ಣು.
ಅಪ್ಪಂಗೆ ಲೆಕ್ಕ ತೋರ್ಸು. 20 ಲಕ್ಷ ಸಾಲ, 10% ಬಡ್ಡಿ, 10 ವರ್ಷ ಅಂದ್ರೆ ತಿಂಗಳಿಗೆ ಸುಮಾರು 26,400, ಓದೋವಾಗಿನ ಬಡ್ಡಿ ಅಸಲಿಗೆ ಸೇರಿದ್ರೆ 30 ಸಾವಿರ ದಾಟುತ್ತೆ. ಬಡ್ಡಿಗೆ ಇನ್‌ಕಮ್ ಟ್ಯಾಕ್ಸ್ ರಿಯಾಯಿತಿ 8 ವರ್ಷ ಸಿಗುತ್ತೆ, ಹಳೇ ಟ್ಯಾಕ್ಸ್ ರೆಜೀಮ್‌ನಲ್ಲಿದ್ರೆ ಮಾತ್ರ.

ಡೊಂಬಿವಲಿ ಫಾಸ್ಟ್
ಅಕ್ಕ, ಅದು ನಂಗೆ ಹೊಳೆದೇ ಇರ್ಲಿಲ್ಲ, ಥ್ಯಾಂಕ್ಸ್. ಇಚಲಕರಂಜಿಲಿ ದೊಡ್ಡಪ್ಪನ ಪರಿಚಯದವರ ಮಗ್ಗ ಇದೆ, ನಮ್ಮ ಕಂಪನಿಗೂ ಅವರಿಗೂ ಸಂಬಂಧ ಇಲ್ಲ. ಶುಕ್ರವಾರ ರಾತ್ರಿ ಬಸ್ ಬುಕ್ ಮಾಡಿದೆ. ಚಿಂಚವಡದ ಅಣ್ಣಾ, ಅಲ್ಲಿ ಹೋಗಿ ಏನೇನು ಬರ್ಕೋಬೇಕು ಅಂತ ಇನ್ನೊಂಚೂರು ಬಿಡಿಸಿ ಹೇಳ್ತೀರಾ?