1992ರ ಪಿಕಪ್: ಅಶ್ವಶಕ್ತಿ ಹೆಚ್ಚಿಸಿದರೂ ಗಾಡಿ ಏಕೆ ಏಳುತ್ತಿಲ್ಲ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆಟೊಮೇಶನ್ ಎಂಬ ಕಂಪ್ಯೂಟರ್ ಆಟದಲ್ಲಿ ಕಾರು ಕಟ್ಟಿ ಆನ್‌ಲೈನ್ ಸ್ಪರ್ಧೆಗಳಿಗೆ ಕಳುಹಿಸುವ ಗೀಳು ಹಿಡಿದು ಮೂರು ವರ್ಷವಾಯಿತು. ಇದುವರೆಗೆ ಕಳುಹಿಸಿದ್ದೆಲ್ಲ ಸಣ್ಣ ಕಾರುಗಳು. ಈ ಸುತ್ತಿನ ವಿಷಯ ಓದಿದ ರಾತ್ರಿ ಮಾತ್ರ ನನಗೆ ನಿದ್ದೆ ಬರಲಿಲ್ಲ: 1992ನೇ ಮಾದರಿ, ಅಮೆರಿಕದ ಮಾರುಕಟ್ಟೆ, ವೇಗದ ಪಿಕಪ್. ಸೀಸರಹಿತ ಪೆಟ್ರೋಲ್‌ನಲ್ಲಿ ಓಡಬೇಕು, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರಲೇಬೇಕು, ಹಿಂದಿನ ತೊಟ್ಟಿ 200 ಕೆ.ಜಿ.ಯನ್ನಾದರೂ ಹೊರಬೇಕು.

ಹೆಸರಿಡುವುದಕ್ಕೇ ಎರಡು ದಿನ ಹಿಡಿಯಿತು. ‘ಸುಂಟರಗಾಳಿ’ ಎಂದುಕೊಂಡೆ, ಜಿಎಂಸಿಯ ಸೈಕ್ಲೋನ್ ಪಿಕಪ್ ನೆನಪಾಯಿತು. ‘ಮಿಂಚು’ ಎಂದುಕೊಂಡೆ; ಫೋರ್ಡ್‌ನ ಲೈಟ್ನಿಂಗ್ ಪಿಕಪ್ ಎದುರು ನಿಂತಿತು. ಕೊನೆಗೆ ‘ಕಾಟಿ’ (ಕಾಡುಕೋಣ) ಎಂದು ಇಟ್ಟೆ. ನಮ್ಮೂರು ಕೊಪ್ಪದ ಹತ್ತಿರ. ಬೆಳಗಿನ ಜಾವ ತೋಟದ ಬೇಲಿಯ ಬಳಿ ನಿಂತ ಕಾಟಿಯನ್ನು ನೋಡಿದವರಿಗೆ ಗೊತ್ತು, ಅಷ್ಟು ದೊಡ್ಡ ಮೈ ಒಂದೇ ನೆಗೆತಕ್ಕೆ ಕಾಡಿನೊಳಗೆ ಹೇಗೆ ಕರಗಿಹೋಗುತ್ತದೆ ಎಂದು. ನನ್ನ ಗಾಡಿ ಹಾಗಿರಬೇಕು.

ಈಗ ತೊಂದರೆ. 3.8 ಲೀಟರ್ ವಿ6 (ಆರು ಸಿಲಿಂಡರಿನ) ಎಂಜಿನ್, ಅದಕ್ಕೆ ಗಾಳಿ ತುರುಕಿ ಶಕ್ತಿ ಹೆಚ್ಚಿಸುವ ಒಂದು ಟರ್ಬೊ. ಏಣಿಯಂಥ ಲ್ಯಾಡರ್ ಚಾಸಿ, ಹಿಂದೆ ಎರಡು ಚಕ್ರಗಳನ್ನೂ ಸೇರಿಸುವ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್ (ಪಾಟಾ), ಹಿಂಚಕ್ರಗಳಿಗೆ ಮಾತ್ರ ಶಕ್ತಿ. ತೂಕ 1,640 ಕೆ.ಜಿ., ಅದರಲ್ಲಿ ಹಿಂಚಕ್ರಗಳ ಮೇಲೆ ಬೀಳುವುದು ಶೇ. 39. 260 ಅಶ್ವಶಕ್ತಿ ಇದ್ದಾಗ 100 ಕಿ.ಮೀ. ವೇಗ ಮುಟ್ಟಲು 7.9 ಸೆಕೆಂಡ್ ಬೇಕಿತ್ತು. ಟರ್ಬೊ ದೊಡ್ಡದು ಮಾಡಿ 320ಕ್ಕೆ ಏರಿಸಿದೆ, 7.6ಕ್ಕೆ ಬಂತು, ಅಷ್ಟೆ. 60 ಅಶ್ವಶಕ್ತಿ ಎಲ್ಲಿ ಹೋಯಿತು? ಟರ್ಬೊ ಏಳುವುದು ಎಂಜಿನ್ 3,800 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮುಟ್ಟಿದ ಮೇಲೆ. ಆಟ ಕೊಡುವ ಚಾಲನೆಯ ಅಂಕವೂ ಬಿದ್ದುಹೋಯಿತು. ಸ್ಪ್ರಿಂಗ್ ಮೆತ್ತಗೆ ಮಾಡಿದರೆ ಹೊರುವ ಅಂಕ ಕುಸಿಯುತ್ತದೆ. ಗಡುವಿಗೆ ಇನ್ನು ಒಂಬತ್ತು ದಿನ. ದಯವಿಟ್ಟು ತಿಳಿದವರು ಹೇಳಿ.

ಉತ್ತರ 1

ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ನಾನು ಈ ಆಟ ಶುರುಮಾಡಿದ್ದು ಮಗನ ಜೊತೆ. ಆದರೆ ಪಿಕಪ್ ನನ್ನ ಹೊಟ್ಟೆಪಾಡು: ಹದಿನೆಂಟು ವರ್ಷಗಳಿಂದ ಕೋಲಾರದ ಮಾರುಕಟ್ಟೆಯಿಂದ ಚೆನ್ನೈಗೆ ಟೊಮೆಟೊ ಸಾಗಿಸುತ್ತಿದ್ದೇನೆ. ಹೋಗುವಾಗ ತುಂಬಿದ ಗಾಡಿ, ಬರುವಾಗ ಖಾಲಿ ಕ್ರೇಟುಗಳು. ಇವೆರಡು ಒಂದೇ ಗಾಡಿ ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ತುಂಬಿದಾಗ ಹಿಂಭಾಗ ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ. ಖಾಲಿ ಬರುವಾಗ ರಸ್ತೆಯುಬ್ಬು ಸಿಕ್ಕಿದರೆ ಮುಂಚಕ್ರ ಸುಮ್ಮನೆ ದಾಟುತ್ತದೆ, ಹಿಂಚಕ್ರ ಎಗರುತ್ತದೆ. ಕ್ರೇಟುಗಳು ಮೇಲೆದ್ದು ಒಟ್ಟಿಗೆ ‘ಧಡ್’ ಎಂದು ಬೀಳುವ ಸದ್ದನ್ನು ಕೇಳಿಯೇ ಎಷ್ಟು ವೇಗದಲ್ಲಿ ದಾಟಿದೆ ಎಂದು ಹೇಳಬಲ್ಲೆ. ಮಳೆಯಲ್ಲಿ ಏರು ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಸ್ವಲ್ಪ ಜೋರಾಗಿ ಒತ್ತಿದರೂ ಸಾಕು, ಚಕ್ರ ಇದ್ದಲ್ಲೇ ಸುತ್ತಿ ಬಾಲ ಪಕ್ಕಕ್ಕೆ ಜಾರುತ್ತದೆ. ನಿಮ್ಮ 60 ಅಶ್ವಶಕ್ತಿ ಹೋದದ್ದು ಅಲ್ಲಿಗೇ.

ಲೆಕ್ಕ ಹಾಕೋಣ. ರಸ್ತೆಯ ಟಯರಿಗೆ ಒಣ ನೆಲದಲ್ಲಿ ಹಿಡಿತ 0.85 ಎಂದಿಟ್ಟುಕೊಳ್ಳಿ. ಹಿಂದೆ ಇರುವುದು ಶೇ. 39 ತೂಕ. ಗಾಡಿ ಮುನ್ನುಗ್ಗುವಾಗ ಒಂದಿಷ್ಟು ಭಾರ ಹಿಂದಕ್ಕೆ ಸರಿಯುತ್ತದೆ. ಭಾರಕೇಂದ್ರ 60 ಸೆಂ.ಮೀ. ಎತ್ತರದಲ್ಲಿ, ಚಕ್ರಗಳ ನಡುವೆ 2.9 ಮೀಟರ್ ಎಂದುಕೊಂಡು ಅದನ್ನೂ ಸೇರಿಸಿದೆ. ಹೆಚ್ಚೆಂದರೆ ಗುರುತ್ವದ ಶೇ. 40ರಷ್ಟು ವೇಗೋತ್ಕರ್ಷ ಸಿಗುತ್ತದೆ. ಆ ದರದಲ್ಲಿ 100 ಮುಟ್ಟಲು ಸುಮಾರು 7 ಸೆಕೆಂಡ್. ಬಾನೆಟ್ ಕೆಳಗೆ ಸಾವಿರ ಅಶ್ವಶಕ್ತಿ ಇಟ್ಟರೂ ಅದಕ್ಕಿಂತ ಕಡಿಮೆ ಆಗುವುದಿಲ್ಲ.

ಇದನ್ನೂ ಮಾಡಿ ನೋಡಿ: ಹಿಂದಿನ ಆಕ್ಸಲಿನ ಮೇಲೆ 100 ಕೆ.ಜಿ. ಮರಳು ಮೂಟೆ ಇಟ್ಟರೆ ಹಿಂಭಾಗದ ಪಾಲು ಶೇ. 42.5 ಆಗುತ್ತದೆ, ಸಮಯ ಸುಮಾರು ಆರೂವರೆಗೆ ಇಳಿಯುತ್ತದೆ. ಭಾರ ಹೆಚ್ಚಿಸಿದರೆ ಗಾಡಿ ಬೇಗ ಹೋಗುವುದು ಖಾಲಿ ಪಿಕಪ್ಪಿನಲ್ಲಿ ಮಾತ್ರ!

ಜಿಎಂಸಿಯವರು 1991ರಲ್ಲಿ ಇದನ್ನು ಅರ್ಥ ಮಾಡಿಕೊಂಡಿದ್ದರು. ಸೈಕ್ಲೋನಿನ ಎಂಜಿನ್ 4.3 ಲೀಟರ್ ಟರ್ಬೊ ವಿ6, ಶಕ್ತಿ 280 ಅಶ್ವಶಕ್ತಿ. ಆದರೆ ಆ ಶಕ್ತಿಯ ಶೇ. 35ನ್ನು ಮುಂಚಕ್ರಗಳಿಗೆ, 65ನ್ನು ಹಿಂಚಕ್ರಗಳಿಗೆ ಹಂಚಿದರು. ಅದೇ ವರ್ಷ ಕಾರ್ ಅಂಡ್ ಡ್ರೈವರ್ ಪತ್ರಿಕೆಯ ಪರೀಕ್ಷೆಯಲ್ಲಿ ಕಾಲು ಮೈಲಿ ಓಟದಲ್ಲಿ ಫೆರಾರಿ 348 ಅದರ ಹಿಂದೆ ಉಳಿಯಿತು. ಸೈಕ್ಲೋನಿನ ಹಿಂಭಾಗದಲ್ಲೂ ನಿಮ್ಮದರಂಥದೇ ಗಟ್ಟಿ ಆಕ್ಸಲ್, ಅದೇ ಲೀಫ್ ಸ್ಪ್ರಿಂಗ್. ಹಾಗಾಗಿ ಪಾಟಾ ಇದೆ ಎಂದು ನೀವು ನಾಚಬೇಕಾಗಿಲ್ಲ.

ಅದಕ್ಕೆ ಅವರು ತೆತ್ತ ಬೆಲೆಯನ್ನೂ ನೋಡಿ: ತೊಟ್ಟಿಗೆ ಕೊಟ್ಟ ಮಿತಿ 500 ಪೌಂಡ್, ಅಂದರೆ 227 ಕೆ.ಜಿ. ಅದಕ್ಕೇ ಮೊದಲು ಹೊರೆ ನಿಶ್ಚಯಿಸಿ ಎನ್ನುತ್ತೇನೆ. ಹೊರೆಯಿಂದ ಸ್ಪ್ರಿಂಗ್, ಸ್ಪ್ರಿಂಗಿನಿಂದ ಹಿಡಿತ, ಹಿಡಿತದಿಂದ ಎಂಜಿನ್. ನೀವು ಎಂಜಿನಿನಿಂದ ಶುರುಮಾಡಿ ಹಿಂದಕ್ಕೆ ಬರುತ್ತಿದ್ದೀರಿ.

ಉತ್ತರ 2

ಮೇಲಿನವರು ಯಂತ್ರದ ವಿಷಯ ಚೆನ್ನಾಗಿ ಹೇಳಿದ್ದಾರೆ. ನಾನು ಕೇಳುವುದು ಸ್ಪರ್ಧೆಗೆ ಗಾಡಿಯ ಜೊತೆ ಬರೆಯುವ ಕಥೆಯ ವಿಷಯ: ಕಾಟಿಯನ್ನು ತಯಾರಿಸುವುದು ಎಲ್ಲಿ? ಹೆಸರು ನೋಡಿದರೆ ಕಂಪನಿ ಭಾರತದ್ದು, ಗಾಡಿ ಹಡಗಿನಲ್ಲಿ ಹೋಗುತ್ತದೆ ಎಂದು ಬರೆಯುವಂತೆ ಕಾಣುತ್ತದೆ. ಹಾಗೆ ಬರೆದರೆ ಅಮೆರಿಕದ ವಾಹನ ಚರಿತ್ರೆ ಬಲ್ಲ ತೀರ್ಪುಗಾರರು ಮೊದಲ ಸಾಲಿನಲ್ಲೇ ನಿಲ್ಲಿಸುತ್ತಾರೆ. ಹೊರಗಿನಿಂದ ಬರುವ ಪಿಕಪ್‌ಗೆ ಅಲ್ಲಿ ಶೇ. 25 ಸುಂಕ. ಅಮೆರಿಕದ ಕೋಳಿಮಾಂಸಕ್ಕೆ ಯುರೋಪಿನವರು ಸುಂಕ ಏರಿಸಿದ್ದಕ್ಕೆ ಪ್ರತಿಯಾಗಿ 1964ರಿಂದ ಜಾರಿಗೆ ಬಂದದ್ದು ಅದು. ಜನ ಅದನ್ನು ‘ಕೋಳಿ ತೆರಿಗೆ’ ಎಂದೇ ಕರೆಯುತ್ತಾರೆ. ಕೋಳಿಯ ಜಗಳ ಮುಗಿದರೂ ಪಿಕಪ್ಪಿನ ಸುಂಕ ಉಳಿದುಕೊಂಡಿತು.

ಅದನ್ನು ತಪ್ಪಿಸಿಕೊಳ್ಳಲು ಸುಬಾರು ಕಂಪನಿ ತನ್ನ ಬ್ರ್ಯಾಟ್ ಪಿಕಪ್ಪಿನ ತೊಟ್ಟಿಯಲ್ಲೇ ಎರಡು ಆಸನ ಕೂರಿಸಿ ಅದನ್ನು ಪ್ರಯಾಣಿಕರ ವಾಹನವೆಂದು ಕಳುಹಿಸುತ್ತಿತ್ತು. ನಿಸಾನ್ ನೇರ ದಾರಿ ಹಿಡಿಯಿತು. ಅಮೆರಿಕದಲ್ಲೇ, ಟೆನೆಸಿ ರಾಜ್ಯದ ಸ್ಮರ್ನಾದಲ್ಲಿ ಕಾರ್ಖಾನೆ ಕಟ್ಟಿತು; 1983ರಲ್ಲಿ ಅಲ್ಲಿಂದ ಮೊದಲು ಹೊರಬಂದ ವಾಹನ ಪಿಕಪ್ಪೇ. ನಿಮ್ಮ ಕಥೆಯ ಕಂಪನಿಯೂ ಅಲ್ಲೇ ಎಲ್ಲಾದರೂ ಜೋಡಣಾ ಕಾರ್ಖಾನೆ ಇಟ್ಟುಕೊಳ್ಳಲಿ. ಬೆಲೆಯ ಲೆಕ್ಕವೂ ಸರಿಹೋಗುತ್ತದೆ.

ಇನ್ನೊಂದು ಮಾತು. ಕ್ಯಾಬಿನ್ ಹಿಂದೆ ಎರಡು ಹೊಗೆ ಕೊಳವೆ ನಿಲ್ಲಿಸುವ ಆಸೆಯಿದ್ದರೆ ದಯವಿಟ್ಟು ಬಿಡಿ. ಅದು 1978ರ ಡಾಡ್ಜ್ ಲಿಲ್ ರೆಡ್ ಎಕ್ಸ್‌ಪ್ರೆಸ್‌ನ ಗುರುತು. ಭಾರದ ವರ್ಗದ ವಿನಾಯಿತಿಯಿಂದಾಗಿ ಆ ವರ್ಷ ಅದಕ್ಕೆ ಕ್ಯಾಟಲಿಟಿಕ್ ಕನ್ವರ್ಟರ್ ಬೇಕಿರಲಿಲ್ಲ. ನಿಮ್ಮ ಗಾಡಿಗೆ ಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಸಾರೆ ಕೃತಜ್ಞತೆಗಳು. ಮರಳು ಮೂಟೆಯ ಲೆಕ್ಕ ಓದಿದ ಮೇಲೆ ಎಂಜಿನ್ ಪುಟವನ್ನು ಮುಚ್ಚಿಬಿಟ್ಟೆ.

ಮೊದಲು ಹೊರೆ ಎಂದಿರಿ. 227 ಕೆ.ಜಿ. ಎಂದರೆ ಎಷ್ಟು ಎಂದು ಕಣ್ಣಿಗೆ ಕಾಣಬೇಕಿತ್ತು. ನಮ್ಮ ಮನೆಯಲ್ಲಿ ಅಡಿಕೆಯನ್ನು 70 ಕೆ.ಜಿ. ಮೂಟೆ ಮಾಡುತ್ತೇವೆ. ಮೂರು ಮೂಟೆ ಎಂದರೆ 210. ನಿನ್ನೆ ಸಂಜೆ ಚಿಕ್ಕಪ್ಪನ ಪಿಕಪ್ಪಿಗೆ ಮೂರು ಮೂಟೆ ಹತ್ತಿಸಿ, ಹಿಂಚಕ್ರದ ಮೇಲಿರುವ ತೊಟ್ಟಿಯ ಅಂಚಿನಿಂದ ನೆಲಕ್ಕೆ ಟೇಪು ಹಿಡಿದೆ. ಖಾಲಿ ಇದ್ದಾಗಿನದಕ್ಕಿಂತ ಎರಡು ಸೆಂ.ಮೀ. ಮಾತ್ರ ಇಳಿದಿತ್ತು. ಒಂದು ಟನ್ನಿಗೂ ಮೀರಿ ಹೊರಲೆಂದು ಕೂರಿಸಿದ ಪಾಟಾಗಳು ಅವು. ಮೂರು ಮೂಟೆ ಅವಕ್ಕೆ ಲೆಕ್ಕಕ್ಕೇ ಇಲ್ಲ. ನಾನು ಕಾಟಿಗೆ ಕೊಟ್ಟದ್ದೂ ಅಂಥದೇ ಗಡಸು ಸ್ಪ್ರಿಂಗ್. ಅದು ಖಾಲಿ ಓಡುವಾಗ ಕುಣಿಯದೆ ಇನ್ನೇನು ಮಾಡೀತು?

ಹೊರೆಯನ್ನು 230 ಕೆ.ಜಿ.ಗೆ ಇಳಿಸಿ, ಆಟದಲ್ಲಿ ಪ್ರೊಗ್ರೆಸಿವ್ ಸ್ಪ್ರಿಂಗ್ ಆರಿಸಿದೆ. ಮೊದಲು ಮೆತ್ತಗಿದ್ದು, ಒತ್ತಿದಂತೆ ಗಟ್ಟಿಯಾಗುವ ಬಗೆ ಅದು. ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚಿದೆ. ತೂಕ 1,710ಕ್ಕೆ ಏರಿತು, ಬೇಸರವಾಯಿತು. ಟರ್ಬೊ ಚಿಕ್ಕದು ಮಾಡಿ 285ಕ್ಕೆ ಇಳಿದೆ. ಈಗ 2,600 ಆರ್‌ಪಿಎಂಗೇ ಏಳುತ್ತದೆ. ಪರೀಕ್ಷೆಯ ಗುಂಡಿ ಒತ್ತುವಾಗ ಕೈ ನಡುಗುತ್ತಿತ್ತು. 5.6 ಸೆಕೆಂಡ್. ಮೊದಲಿಗಿಂತ 35 ಅಶ್ವಶಕ್ತಿ ಕಡಿಮೆ, 70 ಕೆ.ಜಿ. ಹೆಚ್ಚು, ಆದರೂ ಎರಡು ಸೆಕೆಂಡ್ ಮುಂದೆ.

ಕಾರ್ಖಾನೆಯನ್ನು ಟೆನೆಸಿಗೆ ಸಾಗಿಸಿದ್ದೇನೆ. ಹೊಗೆ ಕೊಳವೆ ತೆಗೆದೆ. ಅದು ನಿಜಕ್ಕೂ ಇತ್ತು.

ಒಂದು ಸಂಶಯ ಉಳಿದಿದೆ. ತೊಟ್ಟಿಯ ಮೇಲೆ ಗಟ್ಟಿ ಮುಚ್ಚಳ ಹಾಕಿದರೆ ಗಾಳಿಯ ಎಳೆತ ಕಡಿಮೆಯಾಗಿ ಗರಿಷ್ಠ ವೇಗ 4 ಕಿ.ಮೀ. ಹೆಚ್ಚುತ್ತದೆ. ಆದರೆ ತೊಟ್ಟಿ ಕಾಣದಿದ್ದರೆ ಪಿಕಪ್ಪಿನ ಮುಖವೇ ಹೋದಂತೆ ಅನ್ನಿಸುತ್ತದೆ. ಹಾಕಲೇ, ಬಿಡಲೇ?

ಉತ್ತರ 1ರವರಿಂದ

ಬಿಡಿ. ತೆರೆದೇ ಇರಲಿ. ಚಿತ್ರ ತೆಗೆಯುವಾಗ ತೊಟ್ಟಿಯಲ್ಲಿ ಆ ಮೂರು ಮೂಟೆಗಳನ್ನೂ ಇಡಿ. 5.6 ಸೆಕೆಂಡಿನ ಗಾಡಿಯ ಬೆನ್ನ ಮೇಲೆ ಅಡಿಕೆ ಮೂಟೆ ಕಂಡರೆ ನಾನಂತೂ ಅದಕ್ಕೇ ಮತ ಹಾಕುತ್ತೇನೆ. ಮೂಟೆಗಳನ್ನು ಹಿಂಬಾಗಿಲ ಕಡೆಗಲ್ಲ, ಕ್ಯಾಬಿನ್ನಿಗೆ ಒತ್ತಿ ಇಡಿ. ಹೊರೆ ಹೊರುವವರು ಹಾಗೆಯೇ ಇಡುವುದು.