ಕ್ರೈಸ್ತ ಸಭೆಯ ಕಾರ್ಯದರ್ಶಿ ಆಗು ಅಂತಿದ್ದಾರೆ. ಒಪ್ಪಿಕೊಂಡವರು, ಬಿಟ್ಟುಬಂದವರು ಅನುಭವ ಹೇಳಿ

ಮಂಡಗದ್ದೆ ಕಡೆಯವನು:
ನಮ್ಮದು 62 ಮನೆಗಳ ಸಣ್ಣ ಸಭೆ. ಹಳೆಯ ಕಾರ್ಯದರ್ಶಿಗೆ ಕಣ್ಣು ಮಂಜಾಗಿದೆ, ಬಿಡುತ್ತಿದ್ದಾರೆ. ಪಾಸ್ಟರ್ ನನ್ನನ್ನು ಕರೆದು ನೀನೇ ಆಗು ಅಂದರು. ನನಗೆ 43 ವರ್ಷ, ಒಂದೂವರೆ ಎಕರೆ ಅಡಿಕೆ ತೋಟ. ಹೆಂಡತಿ ಬೇಡ ಅನ್ನುತ್ತಾಳೆ. ಅದಕ್ಕಿಂತ ಜಾಸ್ತಿ ಕೊರೆಯುವುದು ಇನ್ನೊಂದು. ಬೈಬಲಿನಲ್ಲಿ ಪೌಲ ತಿಮೊಥೆಯನಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ, ಸ್ವಂತ ಮನೆಯನ್ನೇ ನಡೆಸಲು ಬಾರದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಅಂತಿದೆಯಲ್ಲ? ನನ್ನ ಮಗನಿಗೆ 17. ಒಂದು ವರ್ಷದಿಂದ ದೇವಾಲಯದ ಮೆಟ್ಟಿಲು ಹತ್ತಿಲ್ಲ. ಇಂಥವನು ಒಪ್ಪಿಕೊಳ್ಳಬಹುದಾ? ಬರುವ ಭಾನುವಾರ ಉತ್ತರ ಕೊಡಬೇಕು.

ಭದ್ರಾವತಿ ಹಳಬ:
ಕಾರ್ಯದರ್ಶಿ ಕೆಲಸ ಏನೂ ಅಲ್ಲ ಬಿಡಿ, ನಾನು ಆರು ವರ್ಷ ಖಜಾಂಚಿ ಆಗಿದ್ದವನು. ಕೇಳಿ.

ಒಂದು ವರ್ಷ ಸುಗ್ಗಿ ಹಬ್ಬದ ಹರಾಜು. ಒಂದು ಬೂದುಗುಂಬಳ 2,100 ರೂಪಾಯಿಗೆ ಹೋಯಿತು. ಕೂಗಿದವರು ದೊಡ್ಡ ಮನುಷ್ಯರು, ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಯಿ ಅವರ ಕಾರಿನಲ್ಲಿ ಹೋಯಿತು, ದುಡ್ಡು ಬರಲಿಲ್ಲ. ಹಾಗೇ ಒಂದು ಬಾಳೆಗೊನೆ 900, ಎರಡು ನಾಟಿ ಕೋಳಿ 1,740, ಒಂದು ಚೀಲ ಭತ್ತ 2,600. ಒಟ್ಟು 7,340 ಬಾಕಿ. ನನ್ನ ತಪ್ಪು ಏನೆಂದರೆ, ಹರಾಜು ಮುಗಿದ ಕೂಡಲೇ ಪುಸ್ತಕದಲ್ಲಿ ಜಮಾ ಅಂತ ಬರೆದುಬಿಟ್ಟೆ. ಆಮೇಲೆ ಮೂರು ತಿಂಗಳು ಸೈಕಲ್ ತುಳಿದು ಮನೆಮನೆ ಸುತ್ತಿದೆ. ಕೇಳಿದರೆ 'ಏನ್ರೀ, ನಾವೇನು ಓಡಿ ಹೋಗ್ತೀವಾ' ಅಂತ ನನಗೇ ಜೋರು. ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುವಾಗ, ಆ ಕೋಳಿ ಒಯ್ದವರೇ ಎದ್ದು ನಿಂತು 'ಖಜಾಂಚಿ ಹತ್ತಿರ ಹಣ ಕಡಿಮೆ ಇದೆಯಂತೆ' ಅಂದರು! ನನ್ನ ರಿಟೈರ್ಮೆಂಟ್ ದುಡ್ಡಿನಿಂದ ಕಟ್ಟಿದೆ. ಇವತ್ತಿಗೂ ಕೋಳಿ ಸಾರು ಬಡಿಸಿದರೆ ಮೊದಲು ಆ ಮುಖ ನೆನಪಾಗುತ್ತದೆ.

ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ಪೌಲ ಒಬ್ಬನೇ ಒಯ್ಯಲು ಹೊರಡಲಿಲ್ಲ. ತನ್ನ ಜೊತೆಗಾರ ತೀತನ ಜೊತೆ ಸಭೆಗಳೇ ಆರಿಸಿದವರನ್ನೂ ಸೇರಿಸಿದ. ದೇವರಿಗೆ ಗೊತ್ತಿದ್ದರೆ ಸಾಲದು, ಮನುಷ್ಯರ ಕಣ್ಣಿಗೂ ಸರಿ ಕಾಣಬೇಕು ಅಂತ. ಕೊರಿಂಥದವರಿಗೆ ಎರಡನೇ ಪತ್ರ, 8ನೇ ಅಧ್ಯಾಯ. ನಾನು ಅದನ್ನು ಓದಿದ್ದು ದುಡ್ಡು ಕಟ್ಟಿದ ಮೇಲೆ.

ಎನ್.ಆರ್.ಪುರದ ಸೊಸೆ:
ನಮ್ಮ ಯಜಮಾನರು ನಾಲ್ಕು ವರ್ಷ ಕಾರ್ಯದರ್ಶಿ ಆಗಿದ್ದರು. ಅದೇ 3ನೇ ಅಧ್ಯಾಯದಲ್ಲಿ, ಸಭೆ ನಡೆಸುವವನು ಅತಿಥಿಸತ್ಕಾರ ಮಾಡುವವನಾಗಿರಬೇಕು ಅಂತ ಪೌಲ ಬರೆದ. ಕಾಫಿ ಸೋಸಿದ್ದು ನಾನು. ದಿನಕ್ಕೆ ಒಂದು ಲೀಟರ್ ಹಾಲು ಸಾಕಾಗುತ್ತಿದ್ದ ಮನೆಗೆ ಎರಡೂವರೆ ಲೀಟರ್ ಬೇಕಾಯಿತು. ಎಂಟು ಗಂಟೆಗೆ ಅಂದ ಮೀಟಿಂಗ್ ಒಂಬತ್ತಕ್ಕೆ ಶುರು, ಮುಗಿಯುವುದು ದೇವರಿಗೇ ಗೊತ್ತು.

ಒಂದು ರಾತ್ರಿ ಮಗಳಿಗೆ 103 ಜ್ವರ. ಜಗಲಿಯಲ್ಲಿ ಹನ್ನೊಂದು ಜನ ಸ್ಮಶಾನದ ಬೇಲಿ ವಿಷಯಕ್ಕೆ ಕಿತ್ತಾಡುತ್ತಿದ್ದರು. ಮಗುವಿಗೆ ಜ್ವರ ಅಂದೆ. ಪ್ರಾರ್ಥನೆ ಮಾಡೋಣ ಅಂದರು. ಮಾಡಿದರು. ಆಮೆನ್ ಅಂದು ಮತ್ತೆ ಬೇಲಿಗೆ ಹೋದರು. ಆಟೋ ಕರೆತಂದವರು ಪಕ್ಕದ ಮನೆಯ ಗೌಡರು.

ಮಂಡಗದ್ದೆ ಅಣ್ಣ, ಅತ್ತಿಗೆ ಯಾಕೆ ಬೇಡ ಅಂದರು ಅಂತ ನೀವು ಬರೆದೇ ಇಲ್ಲ. ಕೇಳಿದ್ದೀರಾ?

ರಿಪ್ಪನ್‌ಪೇಟೆ ಸೇವಕ:
ಕಮಿಟಿ ಇದ್ದ ಕಡೆಯೆಲ್ಲ ಇದೇ ಗೋಳು. ನಾವು 2014ರಲ್ಲೇ ಹೊರಗೆ ಬಂದೆವು. ಬಾಡಿಗೆ ಹಾಲ್, ತಿಂಗಳಿಗೆ 4,500, ಕರೆಂಟ್ ಬೇರೆ. ಪ್ರಸಂಗ, ಕೀಬೋರ್ಡ್, ಕಸ ಗುಡಿಸುವುದು, ಚೇರ್ ಎಣಿಸಿ ವಾಪಸ್ ಕೊಡುವುದು, ಎಲ್ಲ ನಾನೇ. ಎರಡನೇ ವರ್ಷ ಗಂಟಲು ಹೋಯಿತು. ಮೂರು ವಾರ ಬಾಯಿ ಬಿಡಬೇಡಿ ಅಂದರು ಶಿವಮೊಗ್ಗದ ಡಾಕ್ಟರು. ಮಾತಾಡದ ಪಾಸ್ಟರ್‌ಗೆ ಕಾಣಿಕೆ ಎಷ್ಟು ಬಂದೀತು ನೀವೇ ಹೇಳಿ. ಒಂದು ಭಾನುವಾರ 310 ರೂಪಾಯಿ.

ಆಗ ಕೂತು ವಿಮೋಚನಕಾಂಡ 18 ಓದಿದೆ. ಮೋಶೆ ಬೆಳಗಿನಿಂದ ಸಂಜೆವರೆಗೆ ಒಬ್ಬನೇ ನ್ಯಾಯ ತೀರಿಸುತ್ತಾನೆ. ಮಾವ ಇತ್ರೋನ ನೋಡಿ, ಹೀಗಾದರೆ ನೀನೂ ಬಳಲುತ್ತೀಯ, ಜನವೂ ಬಳಲುತ್ತದೆ ಅನ್ನುತ್ತಾನೆ. ದೇವರಿಗೆ ಹೆದರುವವರನ್ನು, ಲಂಚ ಮುಟ್ಟದವರನ್ನು ಆರಿಸಿ ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು ಅಂತ. ಈಗ ನಮ್ಮಲ್ಲಿ ಐದು ಜನ ಇದ್ದಾರೆ. ಚುನಾವಣೆ ಗಿನಾವಣೆ ಇಲ್ಲ. ಪ್ರಾರ್ಥನೆ ಮಾಡಿ ನಾನೇ ಆರಿಸಿದೆ.

ಭದ್ರಾವತಿ ಹಳಬ:
ನೀವೇ ಆರಿಸಿದಿರಿ. ಸಂತೋಷ. ಅವರು ನಿಮ್ಮ ಲೆಕ್ಕ ಕೇಳುತ್ತಾರಾ?

ರಿಪ್ಪನ್‌ಪೇಟೆ ಸೇವಕ:
ಸಿಹಿಗುಂಬಳದ ದುಡ್ಡು ವಸೂಲಿ ಮಾಡಲು ಆಗದವರು ನನ್ನ ಲೆಕ್ಕ ಕೇಳಬೇಡಿ ಸರ್.

ಭದ್ರಾವತಿ ಹಳಬ:
ಬೂದುಗುಂಬಳ. ಸರಿಯಾಗಿ ಓದಿ ಆಮೇಲೆ ಬರೆಯಿರಿ. ಬೈಬಲಿನ ಪ್ರವಾದಿ ಸಮುವೇಲ ತಲೆ ನರೆತ ಮೇಲೆ ಇಡೀ ಜನರ ಮುಂದೆ ನಿಂತು, ಯಾರ ಎತ್ತು ಹಿಡಿದೆ, ಯಾರ ಕತ್ತೆ ಹಿಡಿದೆ, ಹೇಳಿ ಅಂದ. ಯಾರೂ ಕೇಳುವ ಮೊದಲೇ. ನಿಮಗೆ ಕೇಳಿದ ಮೇಲೂ ಸಿಟ್ಟು.

ಸಾಗರದ ಟೀಚರ್:
ಇಬ್ಬರೂ ಸ್ವಲ್ಪ ಸುಮ್ಮನಿರಿ. ನಾವು ಕಥೋಲಿಕರು, ಇದೆಲ್ಲ ನಮ್ಮಲ್ಲಿ ಧರ್ಮಸಭೆಯ ಕಾನೂನಿನಲ್ಲೇ ಇದೆ. 536ನೇ ವಿಧಿಯ ಪಾಲನಾ ಸಮಿತಿ ಸಲಹೆ ಕೊಡಬಹುದು ಅಷ್ಟೆ. ಆದರೆ 537ರ ಪ್ರಕಾರ ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು.

ನಾನು ಸಲಹೆ ಕೊಡುವ ಕಡೆ ಇದ್ದೆ. ಪವಿತ್ರ ಗುರುವಾರದ ಕಾಲು ತೊಳೆಯುವ ವಿಧಿಗೆ ಹೆಂಗಸರನ್ನೂ ಆರಿಸಬಹುದು ಅಂತ ಪೋಪ್ ಫ್ರಾನ್ಸಿಸ್ 2016ರಲ್ಲಿ ನಿಯಮ ತಿದ್ದಿದರಲ್ಲ, ಅದನ್ನು ಸಮಿತಿಯಲ್ಲಿ ಎತ್ತಿದೆ. ಎರಡು ವರ್ಷ ನೋಡೋಣ ನೋಡೋಣ ಅಂದರು. ಮೂರನೇ ವರ್ಷ ಹನ್ನೆರಡರಲ್ಲಿ ನಾಲ್ಕು ಜಾಗ ಬಿಟ್ಟರು. ಒಂದಕ್ಕೆ, ಅಡಿಕೆ ಸುಲಿಯಲು ಹೋಗುವ ಅಜ್ಜಿಯೊಬ್ಬರ ಹೆಸರು ಕೊಟ್ಟೆ ನಾನು. ಅಜ್ಜಿ ಹುಣಸೆಹಣ್ಣು ಹಾಕಿ ಕಾಲು ಉಜ್ಜಿಕೊಂಡು ಬಂದಿದ್ದರು. ಆದರೂ ಹಿಮ್ಮಡಿಯ ಬಿರುಕಿನಲ್ಲಿ ಅಡಿಕೆ ಚೊಗರು ಕಪ್ಪಗೆ ಕೂತಿತ್ತು. ಫಾದರ್ ಮಂಡಿಯೂರಿದರು. ಅಜ್ಜಿ ಕಾಲು ಒಳಗೆಳೆದು ಸೀರೆಯಲ್ಲಿ ಮುಚ್ಚಿಕೊಂಡರು. ಯೇಸು ಕಾಲು ತೊಳೆಯಲು ಬಂದಾಗ ಶಿಷ್ಯ ಪೇತ್ರನೂ ಬೇಡ ಅಂದಿದ್ದ. ಫಾದರ್ ಏನೂ ಹೇಳಲಿಲ್ಲ, ಚೊಂಬು ಹಿಡಿದು ಹಾಗೇ ಕಾದರು. ಎಷ್ಟೋ ಹೊತ್ತಿನ ಮೇಲೆ ಅಜ್ಜಿ ಬರೀ ಹೆಬ್ಬೆರಳು ಮುಂದೆ ಇಟ್ಟರು.

ಹಬ್ಬ ಮುಗಿದ ಮೇಲೆ ನನಗೆ ಸಿಕ್ಕಿದ್ದೇನು ಗೊತ್ತಾ? 'ನಮ್ಮ ಅಮ್ಮ ನಿಮ್ಮ ಕಣ್ಣಿಗೆ ಬೀಳಲಿಲ್ವಾ?' ಎರಡು ಮನೆಯವರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ತೀರ್ಥಹಳ್ಳಿ ಮೇಸ್ತ್ರಿ:
ಗುಣ ಗಿಣ ಆಮೇಲೆ. ನಮ್ಮ ಕಾರ್ಯದರ್ಶಿ ಯಾರನ್ನೂ ಕೇಳದೆ ದೇವಾಲಯದ ಹೆಂಚು ಇಳಿಸಿ ಶೀಟ್ ಹೊದೆಸಿದರು. 1,86,000 ಖರ್ಚು. ಮಳೆ ಹಿಡಿದರೆ ಪ್ರಸಂಗ ಒಂದಕ್ಷರ ಕೇಳುವುದಿಲ್ಲ. ಅದಕ್ಕೆ ಮೈಕ್ ಸೆಟ್ 32,000. ಈಗ ಮೈಕೂ ಮಳೆಯೂ ಎರಡೂ ಕೇಳುತ್ತದೆ, ವಾಕ್ಯ ಮಾತ್ರ ಕೇಳುವುದಿಲ್ಲ. ನಾನು ಮೇಸ್ತ್ರಿ, ಅದೇ ಸಭೆಯವನು. ನನ್ನನ್ನು ಒಂದು ಮಾತು ಕೇಳಬಹುದಿತ್ತು ಅಲ್ವಾ?

ಹೊಸನಗರದ ಮಳೆ:
ಹೆಂಚಿನ ಮೇಲೆ ಮಂಗ ಕುಣಿಯುತ್ತದಲ್ಲ, ಅದಕ್ಕೆ ಮೇಸ್ತ್ರಿಗಳ ಹತ್ತಿರ ಏನು ಔಷಧಿ? ನಮ್ಮಲ್ಲಿ ಒಂದೇ ವರ್ಷ 140 ಹೆಂಚು ಒಡೆದಿದೆ. ಆ ಶೀಟ್ ಹಾಕಿಸಿದ ಕಾರ್ಯದರ್ಶಿ ನಾನಲ್ಲ. ಆದರೆ ನಾನೂ ಹಾಕಿಸಿದೆ. ಬೈಸಿಕೊಂಡೆ. ಸೋರುವುದು ನಿಂತಿತು.

ರಿಪ್ಪನ್‌ಪೇಟೆ ಸೇವಕ:
ಭದ್ರಾವತಿ ಸರ್, ನಿಮ್ಮ ಸಮುವೇಲನ ಮಕ್ಕಳು ಬೇರ್ಷೆಬದಲ್ಲಿ ನ್ಯಾಯಾಧೀಶರಾಗಿ ಲಂಚ ತಿಂದರು. ಸಮುವೇಲನ ಮೊದಲ ಪುಸ್ತಕ, 8ನೇ ಅಧ್ಯಾಯ. ಅದನ್ನೂ ಓದಿ ಹೇಳಿ.

ಮಂಡಗದ್ದೆ ಕಡೆಯವನು:
ಸೇವಕರೇ, ನೀವು ಜಗಳಕ್ಕೆ ಹೇಳಿದಿರಿ, ಆದರೂ ನನ್ನ ಮಗನ ಪ್ರಶ್ನೆಗೆ ಇಷ್ಟು ಹೊತ್ತಿನಲ್ಲಿ ಸಿಕ್ಕಿದ್ದು ಅದೊಂದೇ ಮಾತು. ಸಮುವೇಲನಿಗೇ ಹಾಗಾಯಿತು ಅಂದರೆ ನಾನು ಯಾವ ಲೆಕ್ಕ.

ಎನ್.ಆರ್.ಪುರದ ತಂಗಿ, ಹೆಂಡತಿಯನ್ನು ಕೇಳಿದೆ. ಜೂನ್‌ನಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಹೊಡೆಸುವಾಗ ನೀವು ಮೀಟಿಂಗ್‌ನಲ್ಲಿ ಇರುತ್ತೀರಿ, ಮೈಲುತುತ್ತ ಸುಣ್ಣ ಕಲಸುವವಳು ನಾನು ಅಂದಳು. ಉತ್ತರ ಹೊಳೆಯಲಿಲ್ಲ.

ಮಗ ನಿನ್ನೆ ರಾತ್ರಿ ನನ್ನ ಫೋನ್ ತೆಗೆದು ಇದನ್ನೆಲ್ಲ ಓದಿದ. ಬೂದುಗುಂಬಳಕ್ಕೆ ಬಂದಾಗ ನಕ್ಕ. 'ಅಪ್ಪ, ನೀನಾದರೆ ಆ ದುಡ್ಡು ಕೇಳೋಕೂ ಹೋಗ್ತಿರಲಿಲ್ಲ' ಅಂದ.

ತೀರ್ಥಹಳ್ಳಿ ಮೇಸ್ತ್ರಿ:
ಹೊಸನಗರದವರೇ, 140 ಹೆಂಚು ಒಡೆದಿದ್ದು ಮಂಗನಾ, ರೀಪು ಹಾಳಾಗಿತ್ತಾ? ಫೋಟೋ ಇದ್ದರೆ ಹಾಕಿ.

ಭದ್ರಾವತಿ ಹಳಬ:
ಮಂಗ ಆಮೇಲೆ. ಸೇವಕರೇ, ಆ ಐದು ಜನ ಲೆಕ್ಕ ಕೇಳುತ್ತಾರಾ ಇಲ್ವಾ?