ಸಹಾಯ ಬೇಕು: ಕಿತ್ತಳೆಗೆ ಹಣ್ಣು ನೊಣದ ಕಾಟ

ನಮಸ್ಕಾರ. ನಮ್ಮದು ಸೋಮವಾರಪೇಟೆ ಹತ್ತಿರ. ಮನೆ ಹಿಂದೆ ಅಜ್ಜ ನೆಟ್ಟ 4 ಕೊಡಗಿನ ಕಿತ್ತಳೆ ಗಿಡಗಳಿವೆ. ಮಳೆಗಾಲದ ಹಣ್ಣು ಬಣ್ಣ ತಿರುಗುವಾಗ ಸೂಜಿ ಚುಚ್ಚಿದ ಹಾಗೆ ಕಲೆ ಬೀಳುತ್ತದೆ, ಆಮೇಲೆ ಉದುರುತ್ತದೆ. ಬಿಡಿಸಿದರೆ ತೊಳೆ ತುಂಬಾ ಬಿಳಿ ಹುಳ. ನೋಡಿದರೆ ಸಂಕಟವಾಗುತ್ತದೆ.

ಬಿದ್ದ ಹಣ್ಣನ್ನು ದಿನಾ ಆರಿಸಿ ಗುಂಡಿಗೆ ಹಾಕಿ ಮುಚ್ಚುತ್ತಿದ್ದೇವೆ. ಬೇವಿನೆಣ್ಣೆ ಎರಡು ಸಲ ಹೊಡೆದೆವು, ಮಳೆಗೆ ತೊಳೆದು ಹೋಯಿತು. ಮಕ್ಕಳು ಗಿಡದಿಂದಲೇ ಕಿತ್ತು ತಿನ್ನುತ್ತಾರೆ, ಹಾಗಾಗಿ ವಿಷದ ಔಷಧಿ ಬೇಡವೇ ಬೇಡ. ಈಗ ಮೀಥೈಲ್ ಯುಜೆನಾಲ್ ಟ್ರ್ಯಾಪ್ (ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಬಲೆ) ಒಂದು ಕಟ್ಟಿದ್ದೇನೆ. ನೊಣ ರಾಶಿ ರಾಶಿ ಬೀಳುತ್ತಿವೆ, ಆದರೂ ಹಣ್ಣು ಉಳಿಯುತ್ತಿಲ್ಲ. ಈ ಟ್ರ್ಯಾಪಿಗೆ ಬರುವುದು ಗಂಡು ನೊಣ ಮಾತ್ರ. ಹಣ್ಣು ಚುಚ್ಚಿ ಮೊಟ್ಟೆ ಇಡುವುದು ಹೆಣ್ಣು ಅಲ್ವಾ? ಇಲ್ಲೇ ನನಗೆ ಗೊಂದಲ.

ಟ್ರ್ಯಾಪನ್ನು ಕಾಯಿ ಹಸಿರಿರುವಾಗಲೇ ಕಟ್ಟಬೇಕಿತ್ತಾ? 4 ಗಿಡಕ್ಕೆ ಒಂದು ಸಾಕಾ? ಹೆಣ್ಣು ನೊಣ ತಡೆಯಲು ನೀವು ಏನು ಮಾಡಿದಿರಿ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.